ಟಿಕ್ಕಿ ಮುಖದ ಸೀಳು

ಗಿರಣಿಯ ಬೆಲ್ಟು ಬೆಳಗಿನಿಂದ ತಿರುಗುತ್ತಿತ್ತು, ಭತ್ತ ಹೊಟ್ಟು ಕಳಚಿಕೊಂಡು ಅಕ್ಕಿಯಾಗಿ ಬೀಳುತ್ತಿತ್ತು, ತಾನು ಅದನ್ನೇ ನೋಡುತ್ತಿದ್ದೇನೆ ಎಂದು ಕೊಟ್ರಪ್ಪ ತಿಳಿದಿದ್ದ. ಹಮಾಲ ದುರುಗಪ್ಪ ಚೀಲ ಇಳಿಸಿ ಬಂದು, “ತುಟಿಗೆ ಏನಾತ್ರಿ ಸಾವ್ಕಾರ್ರ? ಸುಣ್ಣ ಹತ್ತೇತೇನು?” ಎಂದಾಗಲೇ ತನ್ನ ಹೆಬ್ಬೆರಳು ಮೇಲ್ದುಟಿಯನ್ನು ತಿಕ್ಕುತ್ತಿರುವುದು ಅವನಿಗೆ ಗೊತ್ತಾದದ್ದು. ಏನಿಲ್ಲ ಎಂದು ಕೈ ಕೆಳಗಿಳಿಸಿದ. ಇಳಿಸಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತಕ್ಕಡಿಯ ಸರಪಳಿ ಹಿಡಿದುಕೊಂಡ. ದುರುಗಪ್ಪ ಅತ್ತ ಹೋಗಿ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿದ; ಇಬ್ಬರೂ ನಕ್ಕರು. ಅದು ತನ್ನ ಬಗೆಗೇ ಇರಬೇಕು, ಇರಲಾರದು, ಇದ್ದರೂ ಏನಾಯಿತು. ತಮ್ಮ ಹಂಪಣ್ಣನ ಹೆಂಡತಿ ಪಂಪಾವತಿ ಮರಳಿ ಎಂಬ ಊರಿನ ತವರಿನಲ್ಲಿ ಹೆಣ್ಣು ಹೆತ್ತು ಇದು ಮೂರನೆಯ ತಿಂಗಳು. ಕೂಸಿನ ಮೇಲ್ದುಟಿ ಮೂಗಿನ ತನಕ ಸೀಳಿಕೊಂಡಿದೆಯೆಂಬ ಸುದ್ದಿ ಬಂದ ದಿನದಿಂದ ಈ ಬೆರಳಿಗೆ ಈ ಚಟ ಹತ್ತಿತ್ತು. ಹಂಪಣ್ಣ ಒಮ್ಮೆ ಹೋಗಿ ನೋಡಿ ಬಂದಿದ್ದ. ಬಂದವನು ಊಟ ಮಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮತ್ತೆ ಹೋಗಿರಲಿಲ್ಲ. ತಾಯಿ ವಿರೂಪಾಕ್ಷಮ್ಮ ಮಾತ್ರ ಸುಮ್ಮನಿರದೆ, ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇನೋ ಎಂದು ಅಯ್ಯನವರಿಂದ ಪಂಚಾಂಗ ತೆಗೆಸಿ ನೋಡಿದ್ದಳು. ಆ ತಿಂಗಳುಗಳಲ್ಲಿ ಗ್ರಹಣವೇ ಇರಲಿಲ್ಲ. ಅಯ್ಯನವರು ಹೋದ ಮೇಲೆ ಅವಳು ಹಿತ್ತಲಿಗೆ ಬಂದು, ಮೂಲೆಯ ಸಣ್ಣ ಖೋಲಿಯ ಬಾಗಿಲನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಹಲ್ಲುಜ್ಜುತ್ತ ಬಾವಿಯ ಹತ್ತಿರ ಕೂತಿದ್ದ ಕೊಟ್ರಪ್ಪನಿಗೆ ಬಾಯಿ ಮುಕ್ಕಳಿಸುವುದು ಮರೆತುಹೋಗಿತ್ತು.

ಆ ಖೋಲಿಯೊಳಗೆ ಅವನು ಕಟ್ಟಿಗೆಯಲ್ಲಿ ಕಡೆದ ಮುಖಗಳಿದ್ದವು. ಕೆಲವು ಮೊಣಕಾಲೆತ್ತರದವು, ಒಂದು ಕಂಬದಷ್ಟು ಉದ್ದದ್ದು, ಕೆಲವು ಅಂಗೈಯಲ್ಲಿ ಹಿಡಿಯುವಂಥವು. ಎಲ್ಲಕ್ಕೂ ದೊಡ್ಡ ತಲೆ, ಗಂಟಿಕ್ಕಿದ ಹುಬ್ಬು, ಕಿವಿಯಿಂದ ಕಿವಿಗೆ ತೆರೆದ ಬಾಯಿ, ಬಾಯಿಯೊಳಗೆ ಚೌಕು ಹಲ್ಲು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಗಿಡ್ಡ ಮೈ. ಕೆಲವು ವರ್ಷಗಳ ಹಿಂದೆ ಭತ್ತ ನೋಡಲೆಂದು ಆನೆಗೊಂದಿಗೆ ಹೋಗಿ ಹರಗೋಲಿಗಾಗಿ ಕಾಯುತ್ತಿದ್ದಾಗ ಬಂಡೆಯ ನೆರಳಿನಲ್ಲಿ ಒಬ್ಬ ಹೊರದೇಶದವನು ಬರಿಮೈಯಲ್ಲಿ ಕೂತು, ಹೊಳೆಯಲ್ಲಿ ತೇಲಿಬಂದ ತುಂಡೊಂದನ್ನು ಸಣ್ಣ ಚಾಕುವಿನಿಂದ ಕೆತ್ತುತ್ತಿದ್ದ. ಕೊಟ್ರಪ್ಪ ನೋಡುತ್ತ ನಿಂತ. ಹರಗೋಲು ಬಂದು ಹೋಯಿತು. ಇದೇನು ಎಂದು ಕೈಯಲ್ಲೇ ಕೇಳಿದ್ದಕ್ಕೆ ಆ ಮನುಷ್ಯ ‘ಟಿಕಿ’ ಎಂದ. ಹೊಳೆಯ ಆಚೆಗೆ, ಗುಡ್ಡಗಳ ಆಚೆಗೆ, ಎಲ್ಲಿಯೋ ಒಂದು ಸಮುದ್ರವಿದ್ದು ಅದರ ನಡುಗಡ್ಡೆಗಳಲ್ಲಿ ಇಂಥ ಮುಖಗಳು ನಿಂತಿರುವಂತೆ ಕೈಬೀಸಿ ತೋರಿಸಿದ. ತನ್ನ ಪಕ್ಕದಲ್ಲಿ ಜಾಗ ಮಾಡಿ ಕೊಟ್ಟು, ಅರ್ಧವಾದ ಮುಖವನ್ನು ಇವನ ಕೈಗಿಟ್ಟು, ಕಣ್ಣು ಎಲ್ಲಿ ಬರುತ್ತದೆ, ಹಲ್ಲು ಎಲ್ಲಿ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದ. ಅಷ್ಟು ಆಸ್ಥೆಯಿಂದ ತನಗೆ ಯಾರಾದರೂ ಏನನ್ನಾದರೂ ತೋರಿಸಿದ್ದು ಕೊಟ್ರಪ್ಪನಿಗೆ ನೆನಪಿರಲಿಲ್ಲ. ಗಂಗಾವತಿಗೆ ಮರಳಿದ ವಾರದಲ್ಲೇ ಬಡಿಗನ ಹತ್ತಿರ ಹಳೆಯ ಉಳಿ, ಕೊಡತಿ, ಬಾಚಿ ತಂದ. ಮೊದಲನೆಯದು ಕುಂಬಳಕಾಯಿಯ ಹಾಗಾಯಿತು. ಟಿಕಿ ಎಂಬುದು ಮನೆಯವರ ಬಾಯಲ್ಲಿ ಟಿಕ್ಕಿಯಾಯಿತು. “ಟಿಕ್ಕಿ ಅಂದ್ರ ಹಣಿಗೆ ಹಚ್ಚೂದಪ್ಪ,” ಎಂದಿದ್ದಳು ತಾಯಿ. “ಇದಕ್ಕ ಹಣೀನ ಇಲ್ಲಲ್ಲೋ.” ಬಣ್ಣದ ಗೊಂಬೆಗಳ ಕಿನ್ನಾಳದಿಂದ ಬಂದ ಚಿತ್ರಗಾರನೊಬ್ಬನಿಗೆ ಆಸೆಯಿಂದ ತೋರಿಸಿದ್ದಕ್ಕೆ ಅವನು ತಿರುಗಿಸಿ ಮುರುಗಿಸಿ ನೋಡಿ, ಇದು ದೇವರೋ ಗೊಂಬೆಯೋ, ಬಣ್ಣ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಹಾ ಕುಡಿದು ಹೋಗಿದ್ದ. ಗಿರಣಿಯ ಆಳುಗಳು ಬೆನ್ನ ಹಿಂದೆ ಟಿಕ್ಕಿ ಸಾವ್ಕಾರ ಎನ್ನುವುದು ಅವನಿಗೆ ಗೊತ್ತಿತ್ತು. ವ್ಯವಹಾರವೆಲ್ಲ ಹಂಪಣ್ಣನದು, ಕೊಟ್ರಪ್ಪನದು ಮೋಟರು, ಬೆಲ್ಟು, ತೂಕ. ಕೊಟ್ರಪ್ಪನಿಗೆ ಹೆಣ್ಣು ನೋಡುವ ಕೆಲಸ ಒಂದು ಕಾಲಕ್ಕೆ ಜೋರಾಗಿ ನಡೆದು, ಯಾರೂ ಸಾಕೆಂದು ಹೇಳದೆಯೇ ನಿಂತುಹೋಗಿತ್ತು. ತಮ್ಮನ ಲಗ್ನದಲ್ಲಿ ಅಕ್ಕಿಕಾಳು ಹಾಕುವಾಗ ಮುದುಕಿಯೊಬ್ಬಳು ಇವನತ್ತ ನೋಡಿ ನಾಲಿಗೆ ಲೊಚಗುಟ್ಟಿದ್ದಳು. ಅದರ ಸದ್ದು ಕೆಲವೊಮ್ಮೆ ಕೊಡತಿಯ ಪೆಟ್ಟಿನ ನಡುವೆ ಕೇಳಿಸುತ್ತಿತ್ತು.

ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ: ಬಸುರಿ ಹೆಂಗಸು ಅರಿಬೆ ಒಣಹಾಕಲು ಹಿತ್ತಲಿಗೆ ಹೋಗುತ್ತಿದ್ದಳು, ಖೋಲಿಯ ಬಾಗಿಲು ತೆರೆದಿರುತ್ತಿತ್ತು, ಮುಖಗಳು ಕಣ್ಣಿಗೆ ಬಿದ್ದಿರಬೇಕು. ಗೊತ್ತಿಲ್ಲದ್ದು ಒಂದು ಮಧ್ಯಾಹ್ನ. ಗಂಡನ ಅಣ್ಣನ ಎದುರಿಗೆ ನಿಲ್ಲುವುದಾಗಲಿ ಮಾತಾಡುವುದಾಗಲಿ ಆ ಮನೆಯ ಪದ್ಧತಿಯಲ್ಲಿರಲಿಲ್ಲ. ಊಟಕ್ಕೆ ಬಡಿಸುವಾಗ ಅವಳ ಕೈ ಬಳೆಯ ತನಕ ಮಾತ್ರ ಕಾಣುತ್ತಿತ್ತು; ಇನ್ನೊಂದು ರೊಟ್ಟಿ ಬೇಕೇ ಎಂಬುದನ್ನೂ ತಾಯಿಯೇ ಕೇಳುತ್ತಿದ್ದಳು. ಅಂದು ತಾಯಿ ಮಲಗಿದ್ದಳು. ಕಟ್ಟಿಗೆಯ ಹುಡಿಯ ನಡುವೆ ಕೂತಿದ್ದ ಕೊಟ್ರಪ್ಪನ ಮೇಲೆ ನೆರಳು ಬಿತ್ತು. “ಭಾವಾರ, ಇವು ಯಾಕ ಹಿಂಗ ಬಾಯಿ ತಗದಾವ್ರಿ?” ತನ್ನನ್ನೇ ಕುರಿತು ಬಂದ ಆ ದನಿಯನ್ನು ಅವನು ಮೊದಲ ಸಲ ಕೇಳುತ್ತಿದ್ದ. ತಲೆಯೆತ್ತದೆ ಹೇಳಿದ: “ನನಗೂ ಗೊತ್ತಿಲ್ಲವ್ವ. ಯಾರರ ಕರದ್ರ ಓ ಅನ್ನಾಕ ತಯಾರಾಗಿ ಕುಂತಾವೇನೋ.” ಅವಳು ನಕ್ಕಳು. ಆ ನಗೆ ಅಲ್ಲಿಯೇ ಇನ್ನಷ್ಟು ಹೊತ್ತು ಇರಲೆಂದು ಏನಾದರೂ ಮಾಡಬೇಕೆನಿಸಿತು. ಕೈಗೆ ಸಿಕ್ಕ ಎಲ್ಲಕ್ಕಿಂತ ಸಣ್ಣ ಮುಖವನ್ನು ಎತ್ತಿ ಅವಳತ್ತ ಚಾಚಿದ. ಬೇವಿನ ಕಟ್ಟಿಗೆಯದು, ಅಂದು ಬೆಳಿಗ್ಗೆಯೇ ಉಳಿ ಎಳೆ ಹಿಡಿದು ಜಾರಿ, ಮೂಗಿನ ಕೆಳಗಿನ ತುಟಿ ಸೀಳಿಹೋಗಿತ್ತು. ಬಿಸಾಡಬೇಕೆಂದು ಪಕ್ಕಕ್ಕಿಟ್ಟಿದ್ದ ಅದನ್ನೇ ಯಾಕೆ ಕೊಟ್ಟನೋ. ಅವಳು ತೆಗೆದುಕೊಂಡು ಆ ಸೀಳಿನ ಮೇಲೆ ಬೆರಳಾಡಿಸಿ, “ಪಾಪ” ಎಂದಳು. ವಾಪಸು ಕೊಟ್ಟು ಹೋದಳು. ಅಷ್ಟೇ. ಆ ಮಧ್ಯಾಹ್ನವನ್ನು ಕೊಟ್ರಪ್ಪ ಹೆರಿಗೆಯ ಸುದ್ದಿ ಬರುವ ತನಕ ತನ್ನ ಸ್ವಂತದ್ದೆಂಬಂತೆ ಇಟ್ಟುಕೊಂಡಿದ್ದ. ಗಿರಣಿಯ ಗದ್ದಲದಲ್ಲಿ ತೆಗೆದು ನೋಡುತ್ತಿದ್ದ, ಮತ್ತೆ ಒಳಗಿಡುತ್ತಿದ್ದ. ಸುದ್ದಿ ಬಂದ ದಿನ ಅದು ಹಿಡಿದ ಕೈಯಲ್ಲೇ ತಿರುಗಿ ಕೊಯ್ದಿತು. ಇಡೀ ಊರಿನಲ್ಲಿ ತನಗೊಬ್ಬನಿಗೇ ಗೊತ್ತು: ಅವಳು ನೋಡಿದ್ದಲ್ಲ, ತಾನು ಕೊಟ್ಟದ್ದು. ಅವಳು ಬೆರಳಾಡಿಸಿದ ಜಾಗವೇ ಕೂಸಿನ ಮುಖದ ಮೇಲೆ ಬಂದಿದೆ.

ಇಂದು ಬೆಳಿಗ್ಗೆ ರೊಟ್ಟಿ ಹಾಕುತ್ತ ತಾಯಿ, “ಸೋಮವಾರ ಮರಳಿಯಿಂದ ಹಿರ್ಯಾರು ಬರತಾರಂತ. ಆಕೀನ್ನ ಕರಕೊಳ್ಳೂದೋ ಬಿಡೂದೋ ಮಾತಾಡಾಕ” ಎಂದಿದ್ದಳು. ಹಂಪಣ್ಣ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಬಿಡೂದು ಎಂಬ ಮಾತು ಈ ಮನೆಯಲ್ಲಿ ಇಷ್ಟು ಸಲೀಸಾಗಿ, ಪಲ್ಯ ಬಡಿಸುವ ನಡುವೆ ಬರಬಹುದೆಂದು ಕೊಟ್ರಪ್ಪ ಎಣಿಸಿರಲಿಲ್ಲ. ಈಗ ಬೆಲ್ಟಿನ ಸದ್ದಿನಲ್ಲಿ ಆ ಮಾತು ಸುತ್ತಿ ಸುತ್ತಿ ಬರುತ್ತಿತ್ತು. ದುರುಗಪ್ಪನಿಗೆ ಮೋಟರು ನೋಡಿಕೋ ಎಂದು ಹೇಳಿ, ರುಮಾಲು ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಬಸ್‌ಸ್ಟ್ಯಾಂಡಿಗೆ ಬಂದು ಮರಳಿಯ ಕಡೆಯ ಬಸ್ಸು ಹತ್ತಿದ. ಕಂಡಕ್ಟರು ಎಲ್ಲಿಗೆಂದು ಕೇಳಿದಾಗ ಊರಿನ ಹೆಸರು ತಪ್ಪೊಪ್ಪಿಕೊಂಡವನ ದನಿಯಲ್ಲಿ ಹೊರಬಂತು. ಹೋಗಿ ಏನು ಮಾಡುವುದು ಗೊತ್ತಿರಲಿಲ್ಲ. ಮಾಡಿದ್ದನ್ನು ನೋಡಬೇಕಿತ್ತು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಂಗಸರು ನಾಟಿಗೆ ಹೊರಟವರು ಬಸ್ಸಿನ ತುಂಬ ತೆಲುಗಿನಲ್ಲಿ ಮಾತಾಡುತ್ತಿದ್ದರು. ಒಬ್ಬಳ ಮಡಿಲಲ್ಲಿದ್ದ ಮಗು ಇವನನ್ನೇ ನೋಡಿ ನಕ್ಕಿತು. ಆ ಇಡಿಯಾದ ತುಟಿಯನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದ. ಕಾಲುವೆಯ ನೀರು ರಸ್ತೆಯ ಜೊತೆಗೇ ಬರುತ್ತಿತ್ತು. ಎರಡೂ ಕಡೆ ಗದ್ದೆಯಲ್ಲಿ ಬಗ್ಗಿದ ಬೆನ್ನುಗಳು.

ಮರಳಿಯಲ್ಲಿ ಆ ಮನೆಯನ್ನು ಅವನು ಲಗ್ನದ ದಿನ ಒಮ್ಮೆ ನೋಡಿದ್ದ, ಅಷ್ಟೇ. ಓಣಿ ಖಾಲಿಯಿತ್ತು. ಕಟ್ಟೆಯ ಮೇಲೆ ಬಾಯಿಗೆ ಟವೆಲ್ಲಿನ ಅಂಚು ಒತ್ತಿಕೊಂಡು ಒಬ್ಬ ಮುದುಕ ಕೂತಿದ್ದ. ಯಾರ್ರಿ ಎಂದು ಕೇಳಿದ ಮಾತು ಬಾಯಿಗಿಂತ ಹೆಚ್ಚು ಮೂಗಿನಿಂದ ಬಂತು.

“ಗಂಗಾವತಿಯಿಂದ ಬಂದೀನ್ರಿ. ಹಂಪಣ್ಣನ ಅಣ್ಣ.”

ಮುದುಕ ಗಡಬಡಿಸಿ ಎದ್ದ, ಟವೆಲ್ಲು ಜಾರಿತು. ದಟ್ಟವಾದ ಬಿಳಿ ಮೀಸೆ. ಮೀಸೆಯ ನಡುವೆ ಒಂದು ಗೆರೆಯಲ್ಲಿ ಮಾತ್ರ ಕೂದಲಿಲ್ಲ. ಅಲ್ಲಿ ತುಟಿ ಎರಡಾಗಿ ಮೂಗಿನವರೆಗೆ ಏರಿತ್ತು. ಮುದುಕನ ಕೈ ಮತ್ತೆ ಟವೆಲ್ಲನ್ನು ಎತ್ತಿತು, ಅರ್ಧಕ್ಕೆ ನಿಂತು ದಣಿದ ಹಾಗೆ ಕೆಳಗಿಳಿಯಿತು.

“ನೋಡಿದ್ರಲ್ಲ. ಇನ್ನ ಮುಚ್ಚಿಕೊಂಡು ಏನು ಮಾಡೂದು. ಕುಂದರ್ರಿ. ನಾ ಪಂಪಾವತಿಯ ಸ್ವಾದರಮಾವ, ಗಾದಿಲಿಂಗಪ್ಪ ಅಂತ. ಬೇವೂರು ನಮ್ದು. ಇವ್ರೆಲ್ಲಾ ನಾಟಿಗೆ ಹೋಗ್ಯಾರ. ಆಕಿ ಕೂಸಿನ ಅರಿಬಿ ಒಗ್ಯಾಕ ಕಾಲಿವಿಗೆ ಹೋಗ್ಯಾಳ.”

ಕೊಟ್ರಪ್ಪ ಕೂರಲಿಲ್ಲ. ಕಂಬ ಹಿಡಿದು ಮುದುಕನ ತುಟಿಯನ್ನೇ ನೋಡಿದ. ಒಳಗೆ ಪಡಸಾಲೆಯಲ್ಲಿ ಸೀರೆಯ ಜೋಳಿಗೆ ಅಲುಗಿತು, ಕೂಸು ಎದ್ದಿತ್ತು. ಮುದುಕ ಹೋಗಿ ಎತ್ತಿಕೊಂಡು ಬಂದು ತೊಡೆಯ ಮೇಲೆ ಒರಗಿಸಿ, ಒಳಲೆಯಿಂದ ಹಾಲು ಹನಿಸತೊಡಗಿದ. “ತಲಿ ಹಿಂಗ ಎತ್ತಿ ಹಿಡದ್ರ ಮೂಗಿನ್ಯಾಗ ಬರಂಗಿಲ್ಲ. ನಮ್ಮವ್ವ ನನಗ ಹಿಂಗ ಕುಡಸತಿದ್ಲಂತ.” ಕೊಟ್ರಪ್ಪ ಬಗ್ಗಿ ನೋಡಿದ. ಇಷ್ಟು ದಿನ ಕಣ್ಣು ಮುಚ್ಚಿದರೆ ಅವನಿಗೆ ಕಾಣುತ್ತಿದ್ದದ್ದು ಬೇವಿನ ಕಟ್ಟಿಗೆಯ ಸೀಳು: ಒಣಗಿದ ಅಂಚು, ಚುಚ್ಚುವ ಎಳೆ. ಇದು ಹಾಗಿರಲೇ ಇಲ್ಲ. ಒದ್ದೆಯಾಗಿ, ಗುಲಾಬಿ ಬಣ್ಣದಲ್ಲಿ, ಉಸಿರಿನ ಜೊತೆ ಆಡುತ್ತಿತ್ತು. ಹಾಲಿನ ಪ್ರತಿ ಹನಿಗೂ ತನ್ನ ಕೆಲಸ ತಾನು ಮಾಡುತ್ತಿತ್ತು. ಕಣ್ಣು ಹಂಪಣ್ಣನವು. ಇದಕ್ಕೂ ತನ್ನ ಉಳಿಗೂ ಏನು ಸಂಬಂಧ.

“ಪಂಪಾವತಿಗೆ ಗೊತ್ತೈತೇನ್ರಿ, ನಿಮ್ದು ಹಿಂಗ ಅಂತ?”

“ನನ್ನ ತೊಡಿಮ್ಯಾಲ ಆಡಿದ ಹುಡಿಗಿ. ಗೊತ್ತಿರದ ಏನು. ನಮ್ಮ ಅಜ್ಜಗೂ ಇತ್ತಂತ. ಲಗ್ನದ ದಿನ ನನ್ನ ಕಾಳಿನ ಖೋಲ್ಯಾಗ ಕುಂದರಿಸಿದ್ರು. ಊಟ ಅಲ್ಲೇ ಕಳಿಸಿದ್ರು. ತಪ್ಪಲ್ಲ ಬಿಡ್ರಿ, ಹೆಣ್ಣಿನ ಕಡಿಯವ್ರು ಏನು ಮಾಡ್ತಾರ.” ಮುದುಕ ಕೂಸಿನ ಗದ್ದ ಒರೆಸಿದ. “ನಿಮ್ಮ ಮನ್ಯಾಗ ಯಾವೋ ಕಟಿಗಿ ಗೊಂಬಿ ನೋಡಿ ಹಿಂಗಾತು ಅಂತ ನಿಮ್ಮವ್ವಾರು ಹೇಳಿ ಕಳಿಸಿದ್ರು. ನಮ್ಮಕ್ಕ ಹೌದು ಹೌದು ಅಂದ್ಲು. ಅವತ್ತ ನನಗ ಅನ್ನ ಇಳೀಲಿಲ್ಲ. ಗೊಂಬಿ ಮಾಡಿದಾವ್ರು ಯಾರೋ, ಪಾಪ, ಅವ್ರ ತಲಿಗೆ ಬಂತಲ್ಲ ಅಂತ.”

“ಮಾಡಿದಾಂವ ನಾನ ರಿ.”

ಮುದುಕ ಒಳಲೆ ಕೆಳಗಿಟ್ಟ. ಇವನ ಮುಖವನ್ನು ಆಗ ಮೊದಲ ಬಾರಿಗೆ ನೇರವಾಗಿ ನೋಡಿದ. ಬೇಡಿಕೊಳ್ಳುವ ದನಿಯಿಲ್ಲದೆ, ತಿಳಿದುಕೊಳ್ಳುವುದಕ್ಕಷ್ಟೇ ಕೇಳಿದ: “ನನ್ನ ಸುದ್ದಿ ಹೇಳತೀರೇನ್ರಿ, ಮನ್ಯಾಗ?”

ಕೊಟ್ರಪ್ಪ ಕೂಸಿನ ಕಡೆ ತಿರುಗಿ, ಇದಕ್ಕೆ ಔಷಧಿ ಗಿವುಷಧಿ ಏನಾದರೂ ಇದೆಯೇ ಎಂದು ಕೇಳಿದ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಹೊಲಿಯುತ್ತಾರಂತೆ, ಕೂಸು ಇನ್ನಷ್ಟು ತೂಕವಾಗಬೇಕಂತೆ ಎಂದ ಮುದುಕ. “ಅಪ್ಪ ಅನ್ನಾಂವ ಜೋಡಿ ಬರಬೇಕಲ್ರಿ.” ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒದ್ದೆ ಅರಿಬೆಯ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸು ಕಂಡಳು. ಪಂಪಾವತಿಯೋ ಬೇರೆ ಯಾರೋ, ನಿಂತು ನೋಡುವಷ್ಟು ಧೈರ್ಯವಾಗಲಿಲ್ಲ. ಬರತೀನ್ರಿ ಎಂದವನೇ ಇನ್ನೊಂದು ಸಂದಿಯಿಂದ ಕಳ್ಳನ ಹಾಗೆ ಜಾರಿಕೊಂಡ.

ಬಸ್ಸಿನಲ್ಲಿ ಮೊದಲು ಹಗುರವೆನಿಸಿತು. ತುಟಿಯ ಹತ್ತಿರ ಹೋದ ಬೆರಳು ತಾನಾಗಿಯೇ ಹಿಂದೆ ಬಂತು. ನಾನಲ್ಲ, ನಾನಲ್ಲ ಎಂದು ಗಾಲಿಗಳು ಹೇಳುತ್ತಿದ್ದವು. ಅರ್ಧ ದಾರಿಯಲ್ಲಿ ಸಿಟ್ಟು ಬಂತು. ಮರಳಿಯವರಿಗೆಲ್ಲ ಗೊತ್ತಿತ್ತು, ಮುದುಕನನ್ನು ಕಾಳಿನ ಖೋಲಿಯಲ್ಲಿ ಕೂಡಿಟ್ಟಷ್ಟೇ ಸುಲಭವಾಗಿ ತನ್ನನ್ನು ಈ ಪಾಪದೊಳಗೆ ಕೂಡಿಟ್ಟಿದ್ದರು. ಅವಳಿಗೂ ಗೊತ್ತಿತ್ತು. ಹಾಗಾದರೆ ಅಂದು ಮಧ್ಯಾಹ್ನ ಸೀಳಿನ ಮೇಲೆ ಬೆರಳಾಡಿಸಿ ಪಾಪ ಎಂದದ್ದು? ಅವಳು ನೋಡಿದ್ದು ತನ್ನ ಸೋದರಮಾವನ ಮುಖ. ತನ್ನ ಹೊಟ್ಟೆಯೊಳಗೆ ಏನಿದೆಯೋ ಎಂಬ ಹೆದರಿಕೆಯಲ್ಲಿ ಅಂದ ಮಾತು ಅದು. ಕಟ್ಟಿಗೆಯ ತುಂಡಿಗಲ್ಲ, ಅದನ್ನು ಕಡೆದವನಿಗಂತೂ ಅಲ್ಲವೇ ಅಲ್ಲ. ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಕಾಯ್ದಿಟ್ಟುಕೊಂಡಿದ್ದ ಆ ಮಧ್ಯಾಹ್ನದಲ್ಲಿ ತಾನು ಇರಲೇ ಇಲ್ಲ. ಅಪರಾಧ ತನ್ನದಲ್ಲವೆಂಬುದು ತಿಳಿದು ಬಂದ ಸುಖಕ್ಕಿಂತ ಇದು ಹೆಚ್ಚು ನೋಯಿಸಿತು. ಯಾಕೆಂದರೆ ಅಪರಾಧವಾದರೂ ಇದ್ದಾಗ ಅವಳಿಗೂ ತನಗೂ ನಡುವೆ ಏನೋ ಒಂದು ಇತ್ತು. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಿ, ಬಸ್ಸಿನಲ್ಲಿ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ.

ಮನೆಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಹಂಪಣ್ಣ ಉಣ್ಣುತ್ತಿದ್ದ. ತಾಯಿ ಬಡಿಸುತ್ತ ಹೇಳುತ್ತಿದ್ದಳು: “ಗೊಂಬಿ ನೋಡಿದ್ದಕ್ಕ ಇಷ್ಟ ಆದೀತೇನು, ನನಗ ಯಾಕೋ ಅನುಮಾನ ಐತಿ. ಆಕೀ ಅವ್ವನ ತವರು ಬೇವೂರು. ಆ ಕಡಿ ವಂಶದಾಗ ಏನರ ಇದ್ದು ಮುಚ್ಚಿಟ್ಟಾರೇನೋ. ಯಾರನ್ನರ ಕಳಿಸಿ ಕೇಳಿಸಬೇಕು.”

“ಹಂಗೇನರ ಇದ್ರ ಸೋಮವಾರ ಮಾತ ಇಲ್ಲ,” ಎಂದ ಹಂಪಣ್ಣ. “ಅಲ್ಲೇ ಇರ್ಲಿ.”

ಕೊಟ್ರಪ್ಪ ಬಾಗಿಲಲ್ಲೇ ನಿಂತಿದ್ದ. ಇನ್ನೂ ಕಾಲು ತೊಳೆದಿರಲಿಲ್ಲ. ಒಂದು ಮಾತು ಸಾಕಾಗಿತ್ತು: ಬೇವೂರಿಗೆ ಯಾಕೆ, ಮರಳಿಯ ಕಟ್ಟೆಯ ಮೇಲೆಯೇ ಕೂತಿದ್ದಾನೆ. ಆ ಮಾತು ನಾಲಿಗೆಯ ಮೇಲೆ ಬಂದು, ಅದರ ರುಚಿಯೂ ಸಿಕ್ಕಿತು. ಆದರೆ ಹೊರಬಂದದ್ದು ಬೇರೆ.

“ಅವ್ವಾ, ಯಾರನ್ನೂ ಕಳಸಬ್ಯಾಡ. ಅದು ನನ್ನಿಂದ ಆಗಿದ್ದು. ತುಟಿ ಸೀಳಿದ ಒಂದು ಮುಖ ಮಾಡಿದ್ದೆ. ಅದನ್ನ ಅರಿಬಿ ಒಣಹಾಕೂ ಜಾಗಾದಾಗ ಕಟ್ಟಿಮ್ಯಾಲ ಇಟ್ಟಿದ್ದೆ. ದಿನಾ ಆಕಿ ಕಣ್ಣಿಗೆ ಬೀಳತಿತ್ತು. ಗೊತ್ತಿದ್ದೂ ತಗೀಲಿಲ್ಲ.”

ನಿನ್ನೆಯೇ ಹೇಳಿದ್ದರೆ ಇದು ಹೆಚ್ಚುಕಡಿಮೆ ನಿಜವೇ ಆಗುತ್ತಿತ್ತು. ಎಷ್ಟೋ ರಾತ್ರಿ ಹೇಳಿಬಿಡಬೇಕೆಂದು ಎದ್ದು ಕೂತದ್ದುಂಟು. ಇಂದು ಅದೇ ಮಾತು ಪೂರ್ತಿ ಸುಳ್ಳಾಗಿ, ಎಷ್ಟು ಸರಾಗವಾಗಿ ಬಂತು. ತಾಯಿ ಸೌಟು ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಅವನನ್ನು ನೋಡಿದಳು. ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡ. ಅವಳು ಬಯ್ಯಲಿಲ್ಲ. ಹಂಪಣ್ಣ ತಾಟಿನ ಅಂಚಿನಲ್ಲಿ ಬೆರಳು ಒರೆಸಿಕೊಂಡು, ಗಟ್ಟಿಯಾಗಿಯೂ ಅಲ್ಲ, ಹೇಳಿದ: “ನಿನಗೂ ಒಂದು ಕೂಸು ಇದ್ದಿದ್ರ ತಿಳೀತಿತ್ತಣ್ಣಾ.” ಕೊಟ್ರಪ್ಪ ಹೌದೆಂಬಂತೆ ತಲೆಯಾಡಿಸಿದ. ತಲೆಯಾಡಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು. “ಅವೆಲ್ಲಾ ನಾಳೆ ಸುಟ್ಟುಬಿಡ್ತೀನಿ. ನೀ ಹೋಗಿ ಕರಕೊಂಡು ಬಾ. ಕೂಸಿನ ತುಟಿ ಹುಬ್ಬಳ್ಳ್ಯಾಗ ಹೊಲೀತಾರಂತ, ಯಾರೋ ಗಿರಣ್ಯಾಗ ಅಂದ್ರು.”

ಮರುದಿನ ಮುಖಗಳನ್ನು ಗೋಣಿಚೀಲಗಳಲ್ಲಿ ತುಂಬಿ ಗಿರಣಿಗೆ ತಂದ. ಭತ್ತ ಬೇಯಿಸುವ ಒಲೆಯ ಮುಂದೆ ಫಕ್ರುದ್ದೀನ ಹೊಟ್ಟು ತಳ್ಳುತ್ತಿದ್ದ. ಚೀಲ ಬಿಚ್ಚಿ ನೋಡಿ ಸಲಿಕೆ ಕೆಳಗಿಟ್ಟ. “ಹೊಟ್ಟು ಭಾಳ ಐತಲ್ರಿ ಸಾವ್ಕಾರ್. ಇವ್ಯಾಕ?”

“ಹಾಕು.”

“ನನ್ನ ಕೈಲೆ ಆಗಂಗಿಲ್ರಿ. ಮುಖ ಅದಾವ.”

ಕೊಟ್ರಪ್ಪ ತಾನೇ ಒಂದೊಂದಾಗಿ ಹಾಕಿದ. ಬೇವು ಚಟಪಟ ಅಂದಿತು, ಹುಣಸೆ ಬಹಳ ಹೊತ್ತು ಹಿಡಿಯಲಿಲ್ಲ. ತೆರೆದ ಬಾಯಿಗಳ ಒಳಗಿನಿಂದ ಬೆಂಕಿ ಮೊದಲು ಕಾಣಿಸಿಕೊಂಡು ಆಮೇಲೆ ಹಲ್ಲು, ಹುಬ್ಬು ಹಿಡಿಯಿತು. ಸೀಳಿದ ಸಣ್ಣ ಮುಖ ಯಾವಾಗ ಹೋಯಿತೋ ಅವನಿಗೆ ಗೊತ್ತಾಗಲಿಲ್ಲ. ಎಲ್ಲವೂ ಒಂದೇ ಥರ ಉರಿಯುತ್ತಿದ್ದವು. ಆಳುಗಳು ಕೆಲಸ ಬಿಟ್ಟು ದೂರದಲ್ಲಿ ನಿಂತಿದ್ದರು, ಯಾರೂ ನಗಲಿಲ್ಲ. ಏನಾದರೂ ಅನ್ನಿಸಬಹುದೆಂದು ಕಾದ. ಮುಖಕ್ಕೆ ಝಳ ಬಡಿಯಿತು, ಅಷ್ಟೇ. ಅನ್ನಿಸಿದ್ದು ಆಮೇಲೆ. ಸಂಜೆ ಹಿತ್ತಲಿಗೆ ಹೋಗಿ ಖಾಲಿ ಖೋಲಿಯ ಎದುರು ಕೂತಾಗ ಎರಡೂ ಕೈಗಳು ತೊಡೆಯ ಮೇಲೆ ಯಾರವೋ ಕೈಗಳ ಹಾಗೆ ಬಿದ್ದಿದ್ದವು.

ಸೋಮವಾರದ ಮಾತು ಸುಲಭವಾಗಿ ಮುಗಿಯಿತು. ದೋಷ ಎಲ್ಲಿಯದೆಂದು ಗೊತ್ತಾಗಿತ್ತು, ಅದನ್ನು ಸುಟ್ಟೂ ಆಗಿತ್ತು. ಪಂಪಾವತಿ ಕೂಸಿನೊಂದಿಗೆ ಬಂದಳು. ಅವಳು ಒಳಗೆ ಬರುವ ಹೊತ್ತಿಗೆ ನೀನು ಎದುರಿಗೆ ಇರಬೇಡಪ್ಪ ಎಂದು ತಾಯಿ ಮೆಲ್ಲಗೆ ಹೇಳಿದ್ದರಿಂದ ಕೊಟ್ರಪ್ಪ ಕತ್ತಲಾಗುವ ತನಕ ಗಿರಣಿಯಲ್ಲೇ ಉಳಿದ. ಅಂದಿನಿಂದ ಅವನಿಗೆ ತಾಯಿಯೇ ಬಡಿಸತೊಡಗಿದಳು. ಬಳೆಯ ತನಕ ಕಾಣುತ್ತಿದ್ದ ಆ ಕೈಯೂ ಈಗಿರಲಿಲ್ಲ. ಅವನು ಪಡಸಾಲೆಗೆ ಬಂದರೆ ಕೂಸಿನ ತೊಟ್ಟಿಲನ್ನು ಯಾರಾದರೂ ಸದ್ದಿಲ್ಲದೆ ಒಳಕ್ಕೆ ಸರಿಸುತ್ತಿದ್ದರು. ಹಂಪಣ್ಣ ಮಾತ್ರ ದಿನದಿಂದ ದಿನಕ್ಕೆ ಮೆತ್ತಗಾಗುತ್ತಿದ್ದ. ಗಿರಣಿಯಿಂದ ಬೇಗ ಹೋಗುತ್ತಿದ್ದ, ಕೂಸಿನ ಜೊತೆ ಅವನು ಆಡುವ ತೊದಲು ಮಾತು ಹೊರಗೆ ಕಟ್ಟೆಯ ಮೇಲೆ ಮಲಗಿದವನಿಗೂ ಕೇಳಿಸುತ್ತಿತ್ತು. ಹುಬ್ಬಳ್ಳಿಗೆ ಹೋಗುವ ದಿನ ಗೊತ್ತಾಯಿತು.

ಹೊರಡುವ ಹಿಂದಿನ ಮಧ್ಯಾಹ್ನ ಕೊಟ್ರಪ್ಪ ಬಾವಿಯ ಹತ್ತಿರ ಕೈತೊಳೆಯುತ್ತಿದ್ದಾಗ ಪಂಪಾವತಿ ಹಿತ್ತಲ ಬಾಗಿಲಿಗೆ ಬಂದಳು. ಸೆರಗು ಹಣೆಯ ತನಕ ಎಳೆದುಕೊಂಡು, ಪದ್ಧತಿಯಂತೆ ಅರ್ಧ ಬೆನ್ನು ತಿರುಗಿಸಿ, ಗೋಡೆಗೆ ಹೇಳುವಂತೆ ಹೇಳಿದಳು.

“ಭಾವಾರ, ನಮ್ಮ ಮಾವ ಅಂದ. ನೀವು ಮರಳಿಗೆ ಬಂದಿದ್ರಂತ.”

ಎಷ್ಟು ದಿನದಿಂದ ಈ ಮಾತಿಗೆ ಹೊತ್ತು ನೋಡುತ್ತಿದ್ದಳೋ. ಹೌದವ್ವ ಎಂದುಬಿಡಬೇಕೆಂದು ಅವನ ಜೀವ ಎಳೆಯಿತು; ಕೈಯಲ್ಲಿದ್ದ ತಂಬಿಗೆಯನ್ನು ಬಾವಿಕಟ್ಟೆಯ ಮೇಲೆ ಇಟ್ಟ. ಈ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಒಬ್ಬಳಿಗೆ. ಆದರೆ ಹೌದೆಂದರೆ ಇವಳು ಈ ಮನೆಯಲ್ಲಿ ಉಣ್ಣುವ ಪ್ರತಿ ತುತ್ತೂ ತನ್ನ ಋಣದ್ದಾಗುತ್ತದೆ. ತಾನು ಎದುರಿಗೆ ಬಂದಾಗಲೆಲ್ಲ ಆ ತಲೆ ಪದ್ಧತಿಗಿಂತ ಒಂದು ಗೇಣು ಹೆಚ್ಚು ಬಗ್ಗುತ್ತದೆ. ತಾನೂ ಮನುಷ್ಯನೇ; ಒಂದಿಲ್ಲೊಂದು ದಿನ ಅದು ಬಗ್ಗುವುದನ್ನು ನೋಡಲೆಂದೇ ಎದುರಿಗೆ ಹೋದೇನು.

“ಇಲ್ಲವ್ವ,” ಎಂದ. “ಬ್ಯಾರೆ ಯಾರೋ ಇರಬೇಕು. ನಾ ಆ ಕಡಿ ಹೋಗೇ ಇಲ್ಲ.”

ಅವಳು ಕೂಡಲೇ ಹೋಗಲಿಲ್ಲ. ಏನೋ ಹೇಳಲಿದ್ದವಳ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಒಳಗೆ ಹೋದಳು. ನಡುಮನೆಯಿಂದ ತಾಯಿಯ ದನಿ ಕೇಳಿತು.

“ಯಾರ ಜೋಡಿ ಮಾತಾಡಾಕತ್ತಿದ್ದೆವ್ವಾ ಹಿತ್ತಲದಾಗ?”

ಪಂಪಾವತಿ ಹೇಳಿದಳು: “ಯಾರೂ ಇಲ್ರಿ ಅತ್ತಿ.”

ಕೊಟ್ರಪ್ಪ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಕಾಲಿನ ಮೇಲೆ ಹಾಕಿಕೊಂಡು, ರುಮಾಲಿನಿಂದ ಕೈ ಒರೆಸಿಕೊಂಡು, ಒಳಗಿನ ಬಾಗಿಲಿನ ಕಡೆ ಹೋಗದೆ ಹಿತ್ತಲ ಸಂದಿಯಿಂದಲೇ ಗಿರಣಿಯ ದಾರಿ ಹಿಡಿದ.